ಒಂದು ಮೊಳ ಹಗ್ಗ

ಓರಗಿತ್ತಿಯರು ಮಾತು ಬಿಟ್ಟರೆ ಮನೆಯ ಪಾತ್ರೆಗಳು ಮಾತಾಡಲು ಶುರುಮಾಡುತ್ತವೆ. ಆ ಮನೆಯಲ್ಲಿ ಪಾತ್ರೆಗಳ ಮಾತುಕತೆ ಶುರುವಾಗಿ ಎರಡು ವರ್ಷ ದಾಟಿತ್ತು. ದೊಡ್ಡ ಸೊಸೆ ಮುಚ್ಚಳ ಕುಕ್ಕಿದರೆ ಚಿಕ್ಕ ಸೊಸೆ ಸೌಟು ಕುಕ್ಕಿ ಉತ್ತರ ಕೊಡುತ್ತಿದ್ದಳು. ನಡುವೆ ಗಂಡಂದಿರಿಬ್ಬರು ತಟ್ಟೆಯಿಂದ ತಲೆ ಎತ್ತದೆ ಉಂಡು ಏಳುತ್ತಿದ್ದರು. ಅಂಥ ಇಬ್ಬರು ಆ ಭಾನುವಾರ ಬೆಳಕು ಹರಿಯುವ ಹೊತ್ತಿಗೆ, ಸಾವಿರಾರು ಜನರ ನೂಕುನುಗ್ಗಲಿನಲ್ಲಿ, ಒಂದೇ ಹಗ್ಗಕ್ಕೆ ಕೈ ಕೊಟ್ಟು ನಿಂತಿದ್ದರು.

ಹಗ್ಗ ಒಂದು ಮೊಳವಿದ್ದೀತು. ಒಂದು ತುದಿ ಚಿಕ್ಕವಳ ಬಲ ಮಣಿಕಟ್ಟಿಗೆ, ಇನ್ನೊಂದು ತುದಿ ದೊಡ್ಡವಳ ಎಡ ಮಣಿಕಟ್ಟಿಗೆ. ಚಿಕ್ಕವಳಿಗೆ ಕಣ್ಣು ಕಾಣದು. ಮಗಳು ಇನ್ನೂ ತೊದಲು ಮಾತಾಡುತ್ತಿದ್ದಾಗ ಕಣ್ಣಿನ ನರಕ್ಕೆ ಬಂದ ಕಾಯಿಲೆ, ಸಂಜೆ ಕತ್ತಲಾದಂತೆ ನಿಧಾನವಾಗಿ ದೃಷ್ಟಿಯನ್ನು ತೆಗೆದುಕೊಂಡು ಹೋಗಿತ್ತು. ಕಾಣದವರು ಮ್ಯಾರಥಾನ್ ಓಡಬೇಕಾದರೆ ಪಕ್ಕದಲ್ಲಿ ಕಾಣುವವರೊಬ್ಬರು ಓಡುತ್ತ ದಾರಿ ಹೇಳಬೇಕು. ಹೇಳಬಹುದು, ಎಳೆಯುವ ಹಾಗಿಲ್ಲ. ಪಕ್ಕದಲ್ಲಿರಬಹುದು, ಮುಂದೆ ಹೋಗುವ ಹಾಗಿಲ್ಲ. ಕೊನೆಯ ಗೆರೆಯನ್ನು ದಾರಿ ಹೇಳುವವರೇ ಮೊದಲು ದಾಟಿಬಿಟ್ಟರೆ ಕಾಣದವರ ಓಟ ಲೆಕ್ಕಕ್ಕಿಲ್ಲ. ದೊಡ್ಡವಳ ಹಳದಿ ಅಂಗಿಯ ಬೆನ್ನ ಮೇಲೆ 'ಮಾರ್ಗದರ್ಶಿ' ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಅದನ್ನು ತೊಡುವಾಗ ಅವಳಿಗೆ ಮೈಗೆ ಮುಳ್ಳು ತಾಗಿದಂತಾಗಿತ್ತು.

ಅವಳು ಅಲ್ಲಿರಬೇಕಾದವಳಲ್ಲ. ಚಿಕ್ಕವಳನ್ನು ವರ್ಷವಿಡೀ ಓಡಿಸಿ ತಯಾರು ಮಾಡಿದ್ದು ಪಕ್ಕದ ಮನೆಯ ನರ್ಸ್. ಓಟಕ್ಕೆ ಮೂರು ದಿನ ಇರುವಾಗ ಆಕೆ ಆಸ್ಪತ್ರೆಯ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ಅಷ್ಟು ದೂರ ಓಡಬಲ್ಲವರು ಬೇರೆ ಯಾರೂ ತಕ್ಷಣಕ್ಕೆ ಸಿಗಲಿಲ್ಲ. ಮನೆಯೊಳಗೇ ಒಬ್ಬಳಿದ್ದಳು. ದೊಡ್ಡ ಸೊಸೆ ಶಾಲೆಯ ದಿನಗಳಿಂದ ಓಡುತ್ತಿದ್ದವಳು, ಈ ಓಟಕ್ಕೂ ತನ್ನ ಹೆಸರು ಕೊಟ್ಟು ನಂಬರು ತಂದಿಟ್ಟುಕೊಂಡಿದ್ದವಳು. ಆ ಮನೆಗೆ ಬಂದ ಮೇಲೆ ಅವಳದು ಎನ್ನುವುದು ಅದೊಂದೇ ಇತ್ತು. ಕೆಳಗಿನ ಲಾಂಡ್ರಿ ಮಾವನದು, ಗಲ್ಲಾಪೆಟ್ಟಿಗೆ ಅತ್ತೆಯದು, ಅಡುಗೆಮನೆ ಇಬ್ಬರದು. ಬೆಳಗಿನ ಓಟ ಮಾತ್ರ ಅವಳೊಬ್ಬಳದು. ಕಣ್ಣು ಹೋದ ಮೇಲೆ ಚಿಕ್ಕವಳು ಅದಕ್ಕೂ ಕೈ ಹಾಕಿದಾಗ, ತನ್ನ ತಟ್ಟೆಯ ಅನ್ನಕ್ಕೇ ಬೇರೆಯವರು ಕೈ ಹಾಕಿದಂತೆ ಅವಳಿಗೆ ಉರಿದಿತ್ತು.

ಕೇಳಿದ್ದು ಚಿಕ್ಕವಳಲ್ಲ, ಅವಳು ವಿಷ ಬೇಕಾದರೂ ಕುಡಿದಾಳು, ಓರಗಿತ್ತಿಯನ್ನು ಕೇಳುವವಳಲ್ಲ. ಕೇಳಿದ್ದು ಮೈದುನ. ಲಾಂಡ್ರಿಯ ವ್ಯಾನಿಗೆ ಗಂಟು ಏರಿಸುತ್ತ, ಮುಖ ಆ ಕಡೆ ತಿರುಗಿಸಿಕೊಂಡೇ, ಅತ್ತಿಗೆ ನೀವೊಬ್ಬರು ಮನಸ್ಸು ಮಾಡಿದರೆ ಆಗುತ್ತದೆ ಎಂದ. ಅವಳು ಹೂಂ ಅಂದುಬಿಟ್ಟಳು. ಉಹೂಂ ಅಂದಿದ್ದರೆ ಮನೆಮಂದಿಯೆಲ್ಲ ಒಂದೇ ಮಾತು ಹೇಳುತ್ತಿದ್ದರು: ಮಗು ಕೈತಪ್ಪುತ್ತೆ ಅಂತ ಹೆದರಿದಳು.

ಹೆದರಿದ್ದು ನಿಜ. ಇಡೀ ಓಟವೇ ಆ ಮಗುವಿಗಾಗಿ ನಡೆಯುತ್ತಿತ್ತು.

ಚಿಕ್ಕವಳ ಆ ಮಗಳಿಗೆ ಏಳು ವರ್ಷ. ಮನೆಯವರೆಲ್ಲ ಚಿನಕುರುಳಿ ಎಂದು ಕರೆಯುತ್ತಿದ್ದ, ಬಾಯಿಗೆ ಬೀಗವಿಲ್ಲದ ಹುಡುಗಿ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಚಿಕ್ಕವಳು ಮಗುವಿನ ಪಕ್ಕ ಮಲಗಿದ್ದಾಗ, ಅಗುಳಿ ಹಾಕದ ಬೀದಿ ಬಾಗಿಲಿನಿಂದ ಅದು ಹೊರಗೆ ಹೋಗಿಬಿಟ್ಟಿತ್ತು. ಲಾರಿಗಳು ಓಡಾಡುವ ರಸ್ತೆಯಂಚಿನಲ್ಲಿ ನಿಂತಿದ್ದ ಅದನ್ನು ಎತ್ತಿಕೊಂಡು ಬಂದವಳು ದೊಡ್ಡವಳು. ಅವತ್ತಿನಿಂದ ಮಗು ಮಲಗುವುದು ದೊಡ್ಡಮ್ಮನ ಕೋಣೆಯಲ್ಲಿ ಎಂದು ಅತ್ತೆ ತೀರ್ಮಾನಿಸಿದರು. ತನ್ನ ಹೊಟ್ಟೆಯಲ್ಲಿ ಒಂದೂ ಹುಟ್ಟದ ದೊಡ್ಡವಳಿಗೆ ಕೇಳದೆಯೇ ವರ ಸಿಕ್ಕಂತಾಯಿತು. ಚಿಕ್ಕವಳು ಅವತ್ತೇ ಮಾತು ಬಿಟ್ಟಳು. ಬಾಗಿಲ ಅಗುಳಿ ತೆಗೆದಿಟ್ಟವಳು ಓರಗಿತ್ತಿಯೇ ಎಂಬುದು ಅವಳ ಗುಮಾನಿ. ಆ ಗುಮಾನಿ ಸುಳ್ಳು. ಆದರೆ ಸುಳ್ಳು ಎಂದು ಹೇಳಲೂ ಮಾತು ಬೇಕಲ್ಲ.

ಹೋದ ವರ್ಷ ಊಟದ ಹೊತ್ತಿನಲ್ಲಿ ಚಿಕ್ಕವಳು, ಮಗುವನ್ನು ನನ್ನ ಕೋಣೆಗೆ ಕಳಿಸಿ ಎಂದು ಅತ್ತೆಯನ್ನು ಕೇಳಿದಳು. ಬೀದಿ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ತಿಳಿಯದವಳಿಗೆ ಮಗು ಯಾಕೆ ಎಂದರು ಅತ್ತೆ. ಹಾಗಾದರೆ ಊರನ್ನೇ ಸುತ್ತುವ ಮ್ಯಾರಥಾನ್ ಓಡಿಬಂದರೆ ಕೊಡುತ್ತೀರಾ ಎಂದು ಇವಳು ತಿರುಗಿ ಕೇಳಿದಳು. ಅತ್ತೆಗೆ ನಗು ಬಂತು.

"ಅಷ್ಟೂ ಓಡಿ ಮುಗಿಸಿ ಬಾ. ಅವತ್ತೇ ನಿನ್ನ ಮಗಳು ನಿನ್ನ ಕೋಣೆಗೆ. ನಾನು ಚಕಾರ ಎತ್ತಿದ್ರೆ ಕೇಳು."

ಅತ್ತೆ ಆಡಿದ ಮಾತನ್ನು ನುಂಗುವವರಲ್ಲ. ಬಟ್ಟೆ ಸುಟ್ಟರೆ ಹೊಸದೇ ಕೊಡುತ್ತೇನೆ ಎಂದು ಗಿರಾಕಿಗೆ ಒಮ್ಮೆ ಬಾಯಿತಪ್ಪಿ ಹೇಳಿ, ಹಾಗೆಯೇ ಕೊಟ್ಟವರು.

ಓಟ ಶುರುವಾಯಿತು. ನೋವಿನ ಎಣ್ಣೆಯ ಘಾಟು, ಬೆವರು, ಶೌಚದ ಸಾಲಿನಲ್ಲಿ ಇನ್ನೂ ನಿಂತೇ ಇದ್ದವರ ಗೋಳು. ಜನ ಒಂದೇ ಸಲಕ್ಕೆ ಮುಂದಕ್ಕೆ ಸರಿದಾಗ ಹಗ್ಗ ಬಿಗಿಯಿತು, ಸಡಿಲವಾಯಿತು, ಆಮೇಲೆ ಸುಮ್ಮನಾಯಿತು. ದೊಡ್ಡವಳಿಗೆ ಆಶ್ಚರ್ಯವಾದದ್ದು ಅಲ್ಲೇ. ಜೊತೆಯಲ್ಲಿ ಒಂದು ದಿನವೂ ಓಡದ ಇಬ್ಬರ ಕೈಗಳು ಒಂದೇ ಲಯಕ್ಕೆ ಬಂದಿದ್ದವು. ಯೋಚಿಸಿದರೆ ಆಶ್ಚರ್ಯವೇನೂ ಇರಲಿಲ್ಲ. ಲಾಂಡ್ರಿಗೆ ಆಸ್ಪತ್ರೆಗಳಿಂದ, ಲಾಡ್ಜುಗಳಿಂದ ಬರುವ ಹಾಸಿಗೆ ಚಾದರಗಳನ್ನು ದಿನವೂ ಮಡಚುತ್ತಿದ್ದವರು ಇವರಿಬ್ಬರೇ. ಎರಡೆರಡು ಮೂಲೆ ಹಿಡಿದು ಎದುರುಬದುರು ನಿಲ್ಲುವುದು, ಜಾಡಿಸುವುದು, ಬಿಗಿಯಾಗಿ ಎಳೆದು ಅರ್ಧಕ್ಕೆ ತರುವುದು, ಹತ್ತಿರ ಬಂದು ಮೂಲೆ ಕೊಟ್ಟು ಮತ್ತೆ ದೂರ ಸರಿಯುವುದು. ಅದಕ್ಕೆ ಮಾತು ಬೇಕಿರಲಿಲ್ಲ, ಕಣ್ಣೂ ಬೇಕಿರಲಿಲ್ಲ. ಎಳೆತದಲ್ಲೇ ಒಬ್ಬಳ ಸಿಟ್ಟು ಇನ್ನೊಬ್ಬಳಿಗೆ ತಿಳಿಯುತ್ತಿತ್ತು.

ಮೊದಮೊದಲು ದೊಡ್ಡವಳು ತೂಕ ಹಾಕಿ ಮಾತಾಡಿದಳು. ಎಡ. ಬಲ. ಉಬ್ಬು. ಒಂದಕ್ಷರ ಹೆಚ್ಚಿಲ್ಲ. ಇಬ್ಬರಿಗೂ ಕಿರಿಕಿರಿಯಾಗಿದ್ದು ಉಳಿದವರಿಂದ. ಹಿಂದಿನಿಂದ ಬಂದವರೆಲ್ಲ ಹಳದಿ ಅಂಗಿಯ ಬೆನ್ನು ಓದಿ, ಪಕ್ಕಕ್ಕೆ ಬಂದು, ದೊಡ್ಡವಳಿಗೆ ಕೈ ಮುಗಿಯುತ್ತಿದ್ದರು. ಒಂದೇ ಬಣ್ಣದ ಅಂಗಿ ತೊಟ್ಟ ಆಫೀಸಿನವರ ಗುಂಪೊಂದು ಚಪ್ಪಾಳೆ ತಟ್ಟಿತು. ಶುರುವಿನಿಂದಲೂ ಫೋನಿನಲ್ಲಿ ಯಾರಿಗೋ ಕಂತಿನ ವಿಷಯ ವಿವರಿಸುತ್ತ ಓಡುತ್ತಿದ್ದ ಬೋಳುತಲೆಯವನು, ಒಂದು ನಿಮಿಷ ಇರಿ ಎಂದು ಫೋನಿಗೆ ಹೇಳಿ, ನಿಮ್ಮಂಥವರು ಇರೋದಕ್ಕೇ ಲೋಕ ನಡೀತಿರೋದು, ದೇವರಂಥವರು ತಾಯಿ ನೀವು ಎಂದು ಹೇಳಿ ಮುಂದೆ ಹೋದ.

ಚಿಕ್ಕವಳು ಎರಡು ವರ್ಷದಲ್ಲಿ ಮೊದಲ ಸಲ ಓರಗಿತ್ತಿಯೊಡನೆ ಬಾಯಿ ಬಿಟ್ಟದ್ದು ಆಗ.

"ಕೇಳಿಸ್ತಾ, ದೇವರೇ?"

ದೊಡ್ಡವಳು ರಸ್ತೆಯತ್ತ ಕಣ್ಣು ನೆಟ್ಟಳು. ಮುಂದೆ ನೀರು ಕೊಡುವ ಮೇಜುಗಳಿದ್ದವು. ಕುಡಿದೆಸೆದ ಲೋಟಗಳು ಕಾಲಡಿ ಚಪ್ಪಟೆಯಾಗಿ, ರಸ್ತೆ ಸೋಪು ಸವರಿದಂತೆ ಹೊಳೆಯುತ್ತಿತ್ತು. ಹೇಳಬೇಕಿತ್ತು. ದೇವರು ಎಂಬ ಮಾತು ಇನ್ನೂ ಕಿವಿಯಲ್ಲಿ ಕುಟುಕುತ್ತಿತ್ತು, ಹೇಳಲಿಲ್ಲ. ಚಿಕ್ಕವಳ ಪಾದ ಜಾರಿತು, ಹಗ್ಗ ಜಗ್ಗಿತು, ಹೇಗೋ ಸಾವರಿಸಿಕೊಂಡಳು.

"ಗೊತ್ತಾಯ್ತು ಬಿಡಿ" ಎಂದಳು ಚಿಕ್ಕವಳು. "ಇದಕ್ಕೇ ಒಪ್ಪಿಕೊಂಡಿದ್ದು ನೀವು."

"ನಿನ್ನ ಬೀಳಿಸೋಕೆ ನಾನು ಇಷ್ಟು ದೂರ ಓಡಬೇಕಾ? ಮನೇಲಿ ಮೆಟ್ಟಿಲಿಲ್ವಾ?"

"ಮೆಟ್ಟಿಲು ಯಾಕೆ, ಬಾಗಿಲೇ ಸಾಕಲ್ಲ ನಿಮಗೆ."

ಹೀಗೆ ಅರ್ಧ ದಾರಿ ಸವೆಯಿತು. ಮುಚ್ಚಿದ ಅಂಗಡಿಗಳ ಬೀದಿ, ಗಾಜಿನ ಕಟ್ಟಡಗಳ ನೆರಳು, ಬಾಲ್ಕನಿಗಳಿಂದ ಹಲ್ಲುಜ್ಜುತ್ತ ಇಣುಕುವವರು. ಅರ್ಧವೂ ಮುಗಿಯದ ಕಡೆ ನಿಂತು, ಬಂತು ಬಂತು, ಇನ್ನೇನು ಬಂದೇಬಿಟ್ಟಿತು ಎಂದು ಕೂಗುವ ಪುಣ್ಯಾತ್ಮರು. ಕಾಲುದಾರಿಯ ಕಟ್ಟೆಯ ಮೇಲೆ ಕುಳಿತು ತನ್ನ ಮೀನಖಂಡವನ್ನೇ ಗುದ್ದಿ ಬೈಯುತ್ತಿದ್ದ ಹೆಂಗಸು. ಪ್ರತಿ ಸಲವೂ ಇದೇ ಕೊನೆ ಅಂತೀನಿ, ನನ್ನ ಬುದ್ಧಿಗೆ ಬೆಂಕಿ ಬೀಳಲಿ ಎಂದು ಗೊಣಗುತ್ತ ಕುಂಟುತ್ತಿದ್ದ ಮುದುಕ. ಇಷ್ಟು ಜನ ದುಡ್ಡು ಕೊಟ್ಟು ಬಂದು ಹೀಗೆ ನರಳುತ್ತಿದ್ದರು, ಬೇಡ ಎಂದು ಯಾರೂ ಮನೆಗೆ ಹೋಗುತ್ತಿರಲಿಲ್ಲ.

ದೊಡ್ಡವಳು ಚಿಕ್ಕವಳ ಮೈಯನ್ನು ಓರೆಗಣ್ಣಿನಿಂದ ಅಳೆಯುತ್ತಲೇ ಇದ್ದಳು. ತಾನಾಗಿ ಏನೂ ಮಾಡಬೇಕಿಲ್ಲ ಎಂಬುದು ಅವಳ ಲೆಕ್ಕಾಚಾರ. ವರ್ಷದ ತಯಾರಿ ಎಷ್ಟು ದೂರ ಬಂದೀತು? ಮೈ ತಾನೇ ಕೈಕೊಡುತ್ತದೆ, ಇವಳು ತಾನೇ ಕುಸಿಯುತ್ತಾಳೆ, ತನ್ನ ಕೈ ಶುದ್ಧ. ಸಂಜೆ ಚಿನಕುರುಳಿ ಎಂದಿನಂತೆ ಬಂದು, ತಣ್ಣನೆಯ ಪಾದಗಳನ್ನು ತನ್ನ ಹೊಟ್ಟೆಗೆ ಒತ್ತಿ, ಶಾಲೆಯ ಚಾಡಿಗಳನ್ನೆಲ್ಲ ಹೇಳುತ್ತ ಹೇಳುತ್ತಲೇ ನಿದ್ದೆಹೋಗುತ್ತದೆ. ಆದರೆ ಚಿಕ್ಕವಳು ಕುಸಿಯುತ್ತಿರಲಿಲ್ಲ. ತುಟಿ ಬಿಳಿಚಿಕೊಂಡಿತ್ತು, ಕುತ್ತಿಗೆಯ ನರ ಉಬ್ಬಿತ್ತು, ಹೆಜ್ಜೆ ಮಾತ್ರ ಹಟಕ್ಕೆ ಬಿದ್ದಂತೆ ಬೀಳುತ್ತಲೇ ಇತ್ತು.

ಸೇತುವೆ ಬಂತು. ಅದನ್ನು ದಾಟಿ ಇಳಿಯುವಲ್ಲಿ ರಸ್ತೆಗೆ ಅಡ್ಡಲಾಗಿ ಮಳೆನೀರು ಹರಿಯಲು ಕಬ್ಬಿಣದ ಜಾಲರಿ ಹಾಕಿದ್ದರು. ಎಡಗಡೆ ಅದರ ಒಂದು ಪಟ್ಟಿ ಮೇಲೆದ್ದಿತ್ತು. ಬಲಗಡೆ ಸಪಾಟಾಗಿತ್ತು, ಆದರೆ ಆ ಬದಿಯ ಕಟಕಟೆಗೆ ಒರಗಿ ಜನ ಡಬ್ಬಿ ಬಡಿದು ಗದ್ದಲ ಮಾಡುತ್ತಿದ್ದರು.

"ಮುಂದೆ ಕಬ್ಬಿಣ ಎದ್ದಿದೆ. ನನ್ನ ಕಡೆ ಬಾ" ಎಂದಳು ದೊಡ್ಡವಳು.

ಚಿಕ್ಕವಳಿಗೆ ಬಲಗಡೆಯ ಗದ್ದಲ ಕೇಳಿಸಿತು. ತನ್ನನ್ನು ಕಟಕಟೆಗೆ ಹಾಯಿಸುತ್ತಿದ್ದಾಳೆ ಎಂದೇ ಎಣಿಸಿದಳು. ಎರಡು ವರ್ಷ ಆ ಮನೆಯಲ್ಲಿ ಅವಳು ಕಲಿತದ್ದು ಅದೇ: ಓರಗಿತ್ತಿ ಒಳ್ಳೆಯದು ಎಂದದ್ದನ್ನು ಬಿಡು, ಬೇಡ ಎಂದದ್ದನ್ನು ಹಿಡಿ. ಕೈಯನ್ನು ಜಗ್ಗಿ ಎಡಕ್ಕೆ ಸರಿದಳು.

ಪಟ್ಟಿಗೆ ಬೂಟಿನ ಮೂತಿ ಸಿಕ್ಕಿ ಮುಗ್ಗರಿಸಿದಳು. ಹಗ್ಗ ದೊಡ್ಡವಳನ್ನೂ ಎಳೆಯಿತು. ಇಬ್ಬರೂ ರಸ್ತೆಯ ಮೇಲೆ ಉರುಳಿದರು. ಡಬ್ಬಿಯ ಸದ್ದು ನಿಂತುಹೋಯಿತು. ಕಟಕಟೆಯ ಕಡೆಯಿಂದ ಯಾರೋ ಹೆಂಗಸು, ನಾನು ನೋಡ್ದೆ, ಆ ಹಳದಿ ಅಂಗಿಯವಳೇ ಎಳೆದದ್ದು ಎಂದಳು. ಇಷ್ಟು ಹೊತ್ತು ದೇವರಾಗಿದ್ದವಳು ಕ್ಷಣದಲ್ಲಿ ದೆವ್ವವಾದಳು.

ಕೆಂಪು ಚೀಲ ಹೊತ್ತ ಚಿಕಿತ್ಸಕ ಓಡಿಬಂದ. ನಡುವಯಸ್ಸಿನ, ನಿದ್ದೆಗೆಟ್ಟ ಕಣ್ಣಿನವನು. ಚಿಕ್ಕವಳ ಎರಡೂ ಮಂಡಿ ತರಚಿ ರಕ್ತ ಕಾಲುಚೀಲದವರೆಗೆ ಇಳಿದಿತ್ತು. ಅವನು ತೊಳೆದ, ಪಟ್ಟಿ ಅಂಟಿಸಿದ, ಕೈ ಹಿಡಿದು ನಾಡಿ ನೋಡಿದ. ತಲೆ ಸುತ್ತಿತೇ ಎಂದು ಕೇಳಿದ. ಇಲ್ಲ ಎಂದಳು. ಅವನಿಗೆ ನಂಬಿಕೆ ಬರಲಿಲ್ಲ. ದೊಡ್ಡವಳನ್ನು ಪಕ್ಕಕ್ಕೆ ಕರೆದ. ಹಗ್ಗ ಇನ್ನೂ ಬಿಚ್ಚಿರಲಿಲ್ಲವಾದ್ದರಿಂದ ಪಕ್ಕ ಅಂದರೆ ಒಂದು ಹೆಜ್ಜೆ ಅಷ್ಟೇ.

"ನೋಡಿ, ಎಲ್ಲರೂ ಇಲ್ಲ ಅಂತಲೇ ಅನ್ನೋದು. ತಲೆ ಸುತ್ತಿ ಬಿದ್ದಿದ್ರೆ ನಾನು ಬಿಡೋ ಹಾಗಿಲ್ಲ, ವ್ಯಾನಿಗೆ ಹತ್ತಿಸ್ತೀನಿ. ಎಡವಿ ಬಿದ್ದಿದ್ರೆ ಬೇರೆ ಮಾತು. ಜೊತೇಲಿ ಇದ್ದವರು ನೀವು. ನೀವು ಹೇಳಿದ್ದನ್ನ ನಾನು ನಂಬ್ತೀನಿ."

ಅಷ್ಟು ದೂರ ಓಡಿದ್ದು ಈ ಒಂದು ಮಾತಿನ ಮೇಲೆ ಬಂದು ನಿಂತಿತ್ತು. ಹೌದು, ಸುತ್ತಿತ್ತು ಎಂದರೆ ಸಾಕು. ಯಾರಿಗೂ ತಿಳಿಯದು, ಯಾರೂ ತಪ್ಪು ಎನ್ನರು. ಓರಗಿತ್ತಿಯ ಜೀವ ಮುಖ್ಯ ಎಂದುಕೊಂಡಳು ಎನ್ನುತ್ತಾರೆ. ದೊಡ್ಡವಳಿಗೆ ತನ್ನ ಹಾಸಿಗೆಯ ಗೋಡೆಯ ಬದಿ ಕಣ್ಣಿಗೆ ಕಟ್ಟಿತು. ಅಲ್ಲಿ ಚಿನಕುರುಳಿ ಪೆನ್ಸಿಲಿನಲ್ಲಿ ಗೀಚಿದ, ಅತ್ತೆಗೆ ತೋರಿಸದೆ ದಿಂಬು ಅಡ್ಡವಿಟ್ಟು ಮುಚ್ಚಿಟ್ಟ ಬೆಕ್ಕಿನ ಚಿತ್ರಗಳಿದ್ದವು. ಅವಳು ಬಾಯಿ ತೆರೆದಳು.

ಕೆಳಗಿನಿಂದ ಚಿಕ್ಕವಳ ದನಿ ಬಂತು. ಅಳುವಿರಲಿಲ್ಲ, ಬೇಡಿಕೆಯೂ ಇರಲಿಲ್ಲ.

"ಹೇಳಿ, ಹೇಳಿ. ಸುಳ್ಳು ಹೇಳೋದು ನಿಮಗೇನು ಹೊಸದಾ. ಅದಿಲ್ಲದೆ ನಿಮ್ಮ ಕೈಲಿ ಏನು ತಾನೇ ಆಗುತ್ತೆ."

ದೊಡ್ಡವಳ ಪಿತ್ತ ಸರ್ರನೆ ನೆತ್ತಿಗೇರಿತು. ಅಗುಳಿಯ ಅಪವಾದ ಎರಡು ವರ್ಷ ಹೊತ್ತಿದ್ದಳು. ಈಗ ಕಟಕಟೆಯ ಹೆಂಗಸಿನದೂ ಸೇರಿತು. ಸರಿಯಾಗಿ ದಾರಿ ಹೇಳಿಯೂ ತಾನೂ ರಸ್ತೆಗೆ ಬಿದ್ದದ್ದಾಯಿತು, ಮೇಲೆ ಸುಳ್ಳಿ ಎನಿಸಿಕೊಳ್ಳಬೇಕೇ?

"ತಲೆ ಸುತ್ತೂ ಇಲ್ಲ, ಮಣ್ಣೂ ಇಲ್ಲ" ಎಂದಳು ಚಿಕಿತ್ಸಕನಿಗೆ, ಕಟಕಟೆಯವರಿಗೂ ಕೇಳುವಷ್ಟು ಗಟ್ಟಿಯಾಗಿ. "ಕಬ್ಬಿಣ ಇದೆ, ಈ ಕಡೆ ಬಾ ಅಂದೆ. ಬೇಕಂತಲೇ ಆ ಕಡೆ ಹೋಗಿ ಬಿದ್ದಳು. ತಲೆ ನೆಟ್ಟಗೇ ಇದೆ, ಬುದ್ಧಿ ಮಾತ್ರ ಸೊಟ್ಟ. ಅದಕ್ಕೆ ನಿಮ್ಮ ಚೀಲದಲ್ಲಿ ಔಷಧಿ ಇದ್ರೆ ಕೊಡಿ."

ಚಿಕಿತ್ಸಕನಿಗೆ ನಗು ತಡೆಯಲಾಗಲಿಲ್ಲ. ಓಡಬಹುದು ಎಂದು ಕೈ ಆಡಿಸಿ ಚೀಲ ಮುಚ್ಚಿದ.

ಮಾತು ಆಡಿದರೆ ಹೋಯಿತು. ಬಾಯಿಂದ ಹೊರಬಿದ್ದ ಮೇಲೆ ದೊಡ್ಡವಳಿಗೆ ತಾನು ಏನು ಕೊಟ್ಟುಬಿಟ್ಟೆ ಎಂಬುದು ಹೊಳೆಯಿತು. ಒಳ್ಳೆಯತನಕ್ಕೆ ಹೇಳಿದ್ದಲ್ಲ. ಹೇಳಿದ್ದು ಕೋಪಕ್ಕೆ, ತಾನೇ ಸರಿ ಎಂದು ಗೆಲ್ಲುವುದಕ್ಕೆ. ಗೆದ್ದದ್ದೂ ಆಯಿತು. ಚಿಕ್ಕವಳು ಕೈ ಊರಿ ಎದ್ದಳು, ಮಂಡಿ ಮಡಚಿ ನೋಡಿದಳು, ಹೊರಟಳು. ಹಗ್ಗ ಇವಳನ್ನೂ ಹೊರಡಿಸಿತು.

ಉಳಿದ ದಾರಿಯಲ್ಲಿ ದೊಡ್ಡವಳ ಬಾಯಿ ನಿಲ್ಲಲಿಲ್ಲ. ಇನ್ನು ಜನ್ಮದಲ್ಲಿ ತನ್ನ ಮೇಲೆ ಬೆರಳು ತೋರಿಸಬಾರದು ಎಂಬ ಹಟಕ್ಕೆ ಬಿದ್ದವಳಂತೆ, ಕಂಡದ್ದನ್ನೆಲ್ಲ ಒದರಿದಳು. ಲೋಟ. ಬಾಳೆಸಿಪ್ಪೆ. ಬಲಕ್ಕೆ ತಿರುವು, ಉದ್ದ ತಿರುವು, ಇನ್ನೂ ಇದೆ. ಬಿಳಿ ಗೆರೆ, ಜಾರುತ್ತೆ. ಮುಂದೆ ಒಬ್ಬ ಕುಂಟುತ್ತಿದ್ದಾನೆ, ಎಡಕ್ಕೆ ಬಾ. ಚಿಕ್ಕವಳು ಈಗ ಎಡ ಎಂದರೆ ಎಡಕ್ಕೆ, ಬಲ ಎಂದರೆ ಬಲಕ್ಕೆ ಸರಿಯುತ್ತಿದ್ದಳು. ಮನಸ್ಸು ಕರಗಿ ಅಲ್ಲ. ಇನ್ನೊಂದು ಸಲ ಬಿದ್ದರೆ ಏಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಒಂದು ಕಡೆ ನಿಂತು ವಾಂತಿ ಮಾಡಿಕೊಂಡಳು. ದೊಡ್ಡವಳು ಮುಖ ತಿರುಗಿಸಿ ನಿಂತು, ಬೂಟಿನ ಮೇಲೆ ಬಿತ್ತು ಎಂದಷ್ಟೇ ಹೇಳಿದಳು.

ಕೊನೆಯ ಬೀದಿಯಲ್ಲಿ ದೂರಕ್ಕೆ ಕಮಾನು ಕಂಡಿತು, ಮೈಕಿನ ಕೂಗು ಕೇಳಿತು. ದೊಡ್ಡವಳಿಗೆ ಮತ್ತೊಮ್ಮೆ ಅನ್ನಿಸದೆ ಇರಲಿಲ್ಲ. ಒಂದೇ ಒಂದು ಹೆಜ್ಜೆ ಮುಂದೆ ಇಟ್ಟರೆ ಎಲ್ಲ ನೀರುಪಾಲು. ಸುಸ್ತಿನಲ್ಲಿ ಗೊತ್ತಾಗಲಿಲ್ಲ ಎಂದರೆ ಆಯಿತು. ಅವಳ ಕಾಲುಗಳಿಗೆ ಅದು ಕಷ್ಟವಿರಲಿಲ್ಲ, ಹಿಂದೆ ಉಳಿಯುವುದೇ ಕಷ್ಟವಿತ್ತು. ಆದರೆ ಸೇತುವೆಯ ಬಳಿ ಊರಿಗೆಲ್ಲ ಕೇಳುವಂತೆ ಸತ್ಯ ಸಾರಿದ ಮೇಲೆ ಇಲ್ಲಿ ಕಳ್ಳಹೆಜ್ಜೆ ಇಡುವುದೆಂದರೆ, ಚಿಕ್ಕವಳು ಹೇಳಿದ್ದೇ ನಿಜ ಎಂದು ಒಪ್ಪಿಕೊಂಡಂತೆ. ಹಲ್ಲು ಕಚ್ಚಿ ಅರ್ಧ ಹೆಜ್ಜೆ ಹಿಂದೆ ಸರಿದಳು.

"ಗೆರೆ. ನೆಟ್ಟಗೆ ಹೋಗು" ಎಂದಳು.

ಚಿಕ್ಕವಳು ದಾಟಿದಳು. ಆಮೇಲೆ ಇವಳು.

ಪದಕ ಹಾಕುವವರು ಹಾಕಿದರು. ಯಾರೋ ಹಗ್ಗ ಬಿಚ್ಚಿದರು. ಇಬ್ಬರ ಮಣಿಕಟ್ಟಿನಲ್ಲೂ ಒಂದೇ ಥರ ಕೆಂಪು ಬಳೆ ಮೂಡಿತ್ತು. ಬೇಲಿಯಾಚೆ ಅತ್ತೆ, ಮೈದುನ, ಅವರ ನಡುವೆ ಚಿನಕುರುಳಿ. ಮಗು ಬೇಲಿಯ ಕೆಳಗಿನಿಂದ ನುಸುಳಿ ಓಡಿಬಂತು. ಆ ಹೆಜ್ಜೆಯ ಸದ್ದು ಹಿಡಿದು ಚಿಕ್ಕವಳು ಎರಡೂ ಕೈ ಚಾಚಿದಳು. ಹೆಜ್ಜೆ ಅವಳನ್ನು ದಾಟಿ ಹೋಗಿ, ಅಭ್ಯಾಸದಂತೆ, ದೊಡ್ಡವಳ ಸೊಂಟವನ್ನು ತಬ್ಬಿತು. ಚಾಚಿದ ಕೈಗಳು ಗಾಳಿಯಲ್ಲಿ ಹಾಗೇ ನಿಂತವು.

ಆಗ ಮಗುವಿಗೆ ಅಮ್ಮನ ಮಂಡಿ ಕಂಡಿತು. ತಬ್ಬಿದ್ದ ಕೈ ಸಡಿಲವಾಯಿತು. ಒಂದು ಹೆಜ್ಜೆ ಹಿಂದೆ ಸರಿದು ದೊಡ್ಡಮ್ಮನ ಮುಖ ನೋಡಿತು.

"ಅಮ್ಮನ್ನ ನೀನು ಬೀಳಿಸಿದ್ಯಾ?"

ಪಾತ್ರೆಗಳು ಆಡಿದ ಮಾತು ಮಕ್ಕಳಿಗೂ ಅರ್ಥವಾಗುತ್ತದೆ. ದೊಡ್ಡವಳು ಇಲ್ಲ ಎನ್ನಬೇಕಿತ್ತು, ಆದರೆ ನೀರಿನ ಮೇಜಿನ ಹತ್ತಿರ ನುಂಗಿದ ಮಾತು ಅಡ್ಡ ಬಂತು. ಚಿಕ್ಕವಳು ಚಾಚಿದ ಕೈಗಳನ್ನು ಇಳಿಸಿದಳು. ಈಗ ಅವಳು ಸುಮ್ಮನಿದ್ದರೆ ಸಾಕಿತ್ತು. ಮಗು ಪೂರ್ತಿಯಾಗಿ, ಮನಸ್ಸು ಸಮೇತ, ಅವಳ ಪಾಲಾಗುತ್ತಿತ್ತು.

"ಇಲ್ಲ ಕಣೇ. ಅವರು ಸರಿಯಾಗೇ ಹೇಳಿದ್ರು. ನಾನೇ ಕೇಳಲಿಲ್ಲ" ಎಂದಳು ಚಿಕ್ಕವಳು, ಉಗುಳು ನುಂಗಿ. ಆಮೇಲೆ, ಅಷ್ಟು ಕೊಟ್ಟದ್ದು ಹೆಚ್ಚಾಯಿತೇನೋ ಎಂಬಂತೆ ಸೇರಿಸಿದಳು: "ದಾರಿ ಮಾತ್ರ ಸರಿಯಾಗಿ ಹೇಳ್ತಾರೆ. ಬೇರೆ ಯಾವುದರಲ್ಲೂ ನಂಬಬೇಡ."

ಅತ್ತೆ ಬೇಲಿಯಾಚೆಯಿಂದ ಚಕಾರ ಎತ್ತಲಿಲ್ಲ.

ಮನೆಗೆ ಬಂದಾಗ ಮಧ್ಯಾಹ್ನವಾಗಿತ್ತು. ದೊಡ್ಡವಳು ಸ್ನಾನವನ್ನೂ ಮಾಡದೆ ನೇರ ಕೋಣೆಗೆ ಹೋಗಿ, ಮಗುವಿನ ದಿಂಬು, ಹೊದಿಕೆ, ಕಿವಿ ಹರಿದ ಬಟ್ಟೆಯ ಮೊಲವನ್ನು ಎದೆಗವಚಿಕೊಂಡು ಹೊರಬಂದಳು. ಯಾರಾದರೂ ಕೇಳಿ ತೆಗೆದುಕೊಂಡು ಹೋಗುವುದಕ್ಕಿಂತ ತಾನೇ ಎಸೆದು ಬರುವುದು ಮೇಲು. ಚಿಕ್ಕವಳು ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದಳು. ಎಲ್ಲವನ್ನೂ ಅವಳ ಪಕ್ಕಕ್ಕೆ ಧೊಪ್ಪನೆ ಹಾಕಿದಳು.

"ನಿದ್ದೇಲಿ ಒದೀತಾಳೆ. ಗೋಡೆ ಕಡೆ ಮಲಗಿಸು."

"ಗೊತ್ತು. ಹೊಟ್ಟೇಲಿದ್ದಾಗಲೇ ಒದೀತಿದ್ಲು."

ದೊಡ್ಡವಳು ಬಾಗಿಲವರೆಗೆ ಹೋದಳು. ಹೇಳಬಾರದು ಎಂದುಕೊಂಡೇ ತಿರುಗಿ ನಿಂತಳು.

"ಅವತ್ತು ಅಗುಳಿ ನಾನು ತೆಗೆದಿರಲಿಲ್ಲ."

ಚಿಕ್ಕವಳ ಬೆರಳುಗಳು ಮೊಲದ ಹರಿದ ಕಿವಿಯನ್ನು ತಡವಿ ನೋಡುತ್ತಿದ್ದವು. ನಂಬಿದಳೋ ಇಲ್ಲವೋ ಮುಖದಲ್ಲಿ ಏನೂ ಕಾಣಲಿಲ್ಲ.

"ಹೋಗುವಾಗ ಬಾಗಿಲು ಹಾಕ್ಕೊಂಡು ಹೋಗಿ" ಎಂದಳು.

ದೊಡ್ಡವಳು ಹಾಕಿಕೊಂಡು ಹೋದಳು. ಕೆಳಗೆ ಲಾಂಡ್ರಿಯಲ್ಲಿ ಆಸ್ಪತ್ರೆಯ ಗಂಟುಗಳು ಹಾಗೇ ಬಿದ್ದಿದ್ದವು. ಮಡಚಲು ಇನ್ನೊಬ್ಬರು ಬೇಕಿತ್ತು. ಅವಳು ಕರೆಯಲಿಲ್ಲ. ಚಾದರದ ಒಂದು ತುದಿಯನ್ನು ಗದ್ದದಡಿ ಸಿಕ್ಕಿಸಿಕೊಂಡು, ಒಬ್ಬಳೇ, ಸೊಟ್ಟಸೊಟ್ಟಗೆ ಮಡಚತೊಡಗಿದಳು.